ಕಾರ್ಖಾನೆ ಕೊಟ್ಟ ಕಬ್ಬಿನ ದುಡ್ಡು ಜಿನೀವಾದಲ್ಲಿ ಸಬ್ಸಿಡಿ ಹೇಗಾಯ್ತು?

ನಾಲೆ ಏರಿ (ಪಾಂಡವಪುರ)
ಎಲ್ಲರಿಗೂ ನಮಸ್ಕಾರ. ಹೋದ ಭಾನುವಾರ ಊರಿಗೆ ಹೋಗಿದ್ದೆ. ಅಪ್ಪ ಜಗಲಿ ಮೇಲೆ ಹಳೇ ತೂಕದ ಚೀಟಿಗಳನ್ನು ಹರಡಿಕೊಂಡು ಕೂತಿದ್ದರು. ರಬ್ಬರ್ ಬ್ಯಾಂಡ್ ಹಾಕಿ, ಅಡುಗೆಮನೆ ಗೂಡಿನಲ್ಲಿ ಇಟ್ಟಿದ್ದ ಕಟ್ಟು. ಹೊಗೆ ಹಿಡಿದು ಅರ್ಧ ಅಕ್ಷರ ಕಾಣಲ್ಲ. ಅದರಲ್ಲೊಂದು 2018-19ರ ಹಂಗಾಮಿನದು. 42 ಟನ್ ಚಿಲ್ಲರೆ. ಆ ಸಲ ಪೂರ್ತಿ ದುಡ್ಡು ಕೈಗೆ ಬರೋಕೆ ಏಳು ತಿಂಗಳು ಆಗಿತ್ತು. ಅಕ್ಕನ ಮದುವೆಗೆ ಸೊಸೈಟಿಯಲ್ಲಿ ಸಾಲ ಮಾಡಿದ್ದು ಅದೇ ವರ್ಷ.

ನಾನು ಸುಮ್ನೆ ಇರಬಹುದಿತ್ತು. ಬಾಯಿ ತಪ್ಪಿ ಹೇಳಿಬಿಟ್ಟೆ. "ಅಪ್ಪ, ಇದೇ ವರ್ಷದ ಕಬ್ಬಿಗೆ ಸರ್ಕಾರ ಜಾಸ್ತಿ ಸಬ್ಸಿಡಿ ಕೊಟ್ಟಿದೆ ಅಂತ ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ಮೂರೂ ಜಿನೀವಾದ ಡಬ್ಲ್ಯುಟಿಒದಲ್ಲಿ, ಅದೇ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ, ಕೇಸ್ ಹಾಕಿ ಗೆದ್ದಿವೆ" ಅಂತ.

ಅಪ್ಪ ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಸರ್ಕಾರ ನಂಗ್ಯಾವಾಗ್ಲಾ ದುಡ್ ಕೊಡ್ತು? ಕೊಟ್ಟೋನು ಕಾರ್ಖಾನೆಯೋನು. ಅವ್ನೂ ಏಳ್ ತಿಂಗ್ಳು ಸತಾಯ್ಸಿ ಕೊಟ್ಟ. ಅದ್ಯಾವ್ ಸಬ್ಸಿಡಿನ್ಲಾ ಅದು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಗೊತ್ತಿರೋರು ಬಿಡಿಸಿ ಹೇಳಿ. ಅಪ್ಪನಿಗೆ ಅರ್ಥ ಆಗೋ ಹಾಗಿರಬೇಕು.

ರಾಗಿಮುದ್ದೆ
ಸಿಂಪಲ್ ಗುರು. ಅವರು ಕೊಟ್ರೆ ರೈತರಿಗೆ ನೆರವು. ನಾವು ಕೊಟ್ರೆ ಸಬ್ಸಿಡಿ. ಮುಗೀತು.

ಕರಿಕೋಟು (ಮೈಸೂರು)
ಮುಗೀಲಿಲ್ಲ. ಸಮಾಧಾನವಾಗಿ ಕೇಳಿ.

ಡಬ್ಲ್ಯುಟಿಒ ಕೃಷಿ ಒಪ್ಪಂದದಲ್ಲಿ ಸಬ್ಸಿಡಿ ಅಂದ್ರೆ ಖಜಾನೆಯಿಂದ ಹೋದ ದುಡ್ಡು ಮಾತ್ರ ಅಲ್ಲ. ಸರ್ಕಾರ ಒಂದು ಬೆಲೆ ನಿಗದಿ ಮಾಡಿದರೆ ಅದೂ ಸಬ್ಸಿಡಿಯೇ. ಅದಕ್ಕೆ ಬೆಲೆ ಬೆಂಬಲ ಅಂತಾರೆ. ಲೆಕ್ಕ ಹೀಗೆ. ಸರ್ಕಾರ ಸಾರಿದ ಬೆಲೆಯಲ್ಲಿ 1986-88ರ ಅಂತಾರಾಷ್ಟ್ರೀಯ ಬೆಲೆಯನ್ನು ಕಳೆಯಿರಿ. ಉಳಿದದ್ದನ್ನು ಆ ಬೆಲೆಗೆ ಅರ್ಹವಾದ ಅಷ್ಟೂ ಬೆಳೆಯಿಂದ ಗುಣಿಸಿ. ಬಂದ ಮೊತ್ತ ಆ ಬೆಳೆಯ ಒಟ್ಟು ಮೌಲ್ಯದ ಶೇ 10 ದಾಟಬಾರದು. ಇದು ನಮ್ಮಂಥ ಅಭಿವೃದ್ಧಿಶೀಲ ದೇಶಗಳಿಗೆ. ಮುಂದುವರಿದ ದೇಶಗಳಿಗೆ ಶೇ 5.

ಭಾರತ ವಾದಿಸಿದ್ದು ನಿಮ್ಮ ಅಪ್ಪ ಹೇಳಿದ್ದನ್ನೇ. "ಎಫ್‌ಆರ್‌ಪಿ (ಕಬ್ಬಿಗೆ ಕೇಂದ್ರ ಸರ್ಕಾರ ನಿಗದಿ ಮಾಡುವ ಕನಿಷ್ಠ ಬೆಲೆ) ಕೊಡೋದು ಕಾರ್ಖಾನೆ, ನಾವು ಒಂದು ಕೆಜಿ ಕಬ್ಬೂ ಕೊಂಡಿಲ್ಲ" ಅಂತ. ಕೇಸ್ ಕೇಳಿದ ಡಬ್ಲ್ಯುಟಿಒ ಪ್ಯಾನೆಲ್ ಒಪ್ಪಲಿಲ್ಲ. ಕಾನೂನು ಮಾಡಿ ಇಷ್ಟು ಕೊಡಲೇಬೇಕು ಅಂದರೆ ಸಾಕು, ದುಡ್ಡು ಯಾರ ಜೇಬಿನದಾದರೂ ಸರಿ ಅಂತ. 2014-15ರಿಂದ 2018-19ರವರೆಗೆ ಐದು ಹಂಗಾಮಿನಲ್ಲೂ ಭಾರತ ಶೇ 10ರ ಮಿತಿ ದಾಟಿದೆ ಅಂತ 2021ರ ಡಿಸೆಂಬರ್ 14ಕ್ಕೆ ವರದಿ ಬಂತು. ಅಪ್ಪನ 42 ಟನ್ ಚೀಟಿ ಆ ಐದನೇ ಹಂಗಾಮಿನದು.

ನಾಲೆ ಏರಿ
ಮೇಡಂ, ಅಂದ್ರೆ ದುಡ್ಡು ಬರದೇ ಇದ್ದರೂ, ಬೆಲೆ ಸಾರಿದ ದಿನವೇ ಸಬ್ಸಿಡಿ ಆಗಿಹೋಯ್ತಾ?

ಕರಿಕೋಟು (ಮೈಸೂರು)
ಹೌದು. ಬಾಕಿ ಉಳಿಸಿಕೊಂಡಿದ್ದು ಲೆಕ್ಕಕ್ಕೆ ಬರಲ್ಲ.

ಅಗ್ರಹಾರ ಸರ್ಕಲ್
1986-88ರ ಬೆಲೇನಾ? ನಾನು ಎಸ್ಸೆಸ್ಸೆಲ್ಸಿ ಓದ್ತಿದ್ದ ಕಾಲ ಅದು. ಆಗ ನಮ್ಮ ಹೋಟ್ಲಲ್ಲಿ ಮಸಾಲೆ ದೋಸೆ ಎರಡೋ ಎರಡೂವರೆಯೋ ರೂಪಾಯಿ. ಈಗ 70. ಈ ಲೆಕ್ಕ ಹಿಡಿದರೆ ಹೋಟೆಲ್ ಭಟ್ಟರು ಒಂದೊಂದು ದೋಸೆಗೂ 67 ರೂಪಾಯಿ ಸಬ್ಸಿಡಿ ತಗೊಳ್ತಿದ್ದಾರೆ!

ರಾಗಿಮುದ್ದೆ
😂😂 ಚಟ್ನಿ ಎರಡನೇ ಸಲ ಕೇಳಿದರೆ ರಫ್ತು ಸಬ್ಸಿಡಿ

ಕರಿಕೋಟು (ಮೈಸೂರು)
ನಗಬೇಡಿ, ಇದೇ ನಿಜವಾದ ಗಲಾಟೆ. ಹಣದುಬ್ಬರ ವಿಪರೀತ ಇದ್ದರೆ ಅದನ್ನು ಗಮನಕ್ಕೆ ತಗೋಬೇಕು ಅಂತ ಒಪ್ಪಂದದ 18.4ನೇ ವಿಧಿಯಲ್ಲಿ ಒಂದು ಸಾಲು ಇದೆ. "ಗಮನಕ್ಕೆ ತಗೋಬೇಕು" ಅಷ್ಟೇ. ಹೇಗೆ, ಎಷ್ಟು, ಏನೂ ಇಲ್ಲ. ಆ ಆಧಾರ ಬೆಲೆ ಬದಲಾಯಿಸಿ ಅಂತ ಭಾರತ ಮತ್ತು ಜೊತೆಗಿರುವ ದೇಶಗಳು ಕೇಳ್ತಾನೇ ಇವೆ. ಅಲ್ಲಿ ವೋಟಿಗೆ ಹಾಕಿ ತೀರ್ಮಾನ ಮಾಡುವ ಪದ್ಧತಿ ಇಲ್ಲ. 166 ಸದಸ್ಯರಲ್ಲಿ ಒಬ್ಬರು ತಲೆ ಅಲ್ಲಾಡಿಸಿದರೂ ಕಡತ ಮುಚ್ಚಿತು.

ಇಡ್ಲಿ ಲೆಕ್ಕ
ದೋಸೆ ಆಯ್ತು, ಇಡ್ಲಿ ಕೇಳಿ. ಇಷ್ಟಕ್ಕೆ ಮುಗಿದಿಲ್ಲ ಕಥೆ. 1986-88ರಲ್ಲಿ ಯಾರು ಜಾಸ್ತಿ ಸಬ್ಸಿಡಿ ಕೊಡ್ತಿದ್ದರೋ ಅವರಿಗೆ "ಶೇ 20 ಕಡಿಮೆ ಮಾಡಿಕೊಳ್ಳಿ, ಉಳಿದದ್ದು ಇಟ್ಕೊಳ್ಳಿ" ಅಂದರು. ಅಮೆರಿಕಕ್ಕೆ ಹೀಗೆ ಉಳಿದ ಮಿತಿ 1,910 ಕೋಟಿ ಡಾಲರ್. ಐರೋಪ್ಯ ಒಕ್ಕೂಟಕ್ಕೆ ಅದಕ್ಕಿಂತ ಎಷ್ಟೋ ಜಾಸ್ತಿ. ನಾವು ಆಗ ಅಂಥದ್ದೇನೂ ಕೊಡ್ತಿರಲಿಲ್ಲ ಅಂತ ಬರೆದುಕೊಟ್ಟೆವು. ಹಾಗಾಗಿ ನಮ್ಮ ಪಾಲಿಗೆ ಸೊನ್ನೆ. ಆ ಶೇ 10 ಬಿಟ್ಟರೆ ಬೇರೆ ಜಾಗವೇ ಇಲ್ಲ.

ದಿನಾ ಐದು ಇಡ್ಲಿ ತಿಂತಿದ್ದೋನಿಗೆ ಇನ್ಮೇಲೆ ನಾಲ್ಕು. ಉಪವಾಸ ಇದ್ದೋನಿಗೆ ಇನ್ಮೇಲೂ ಉಪವಾಸ, ಬೇಕಾದ್ರೆ ಚಟ್ನಿ ನೆಕ್ಕು.

ಸಯ್ಯಾಜಿರಾವ್ ರಸ್ತೆ
ಎಲ್ಲರೂ ಒಂದೇ ಕಡೆ ವಾಲಿದ್ದೀರಿ. ನಾನು ಮೂವತ್ತು ವರ್ಷದಿಂದ ಸಗಟು ದಿನಸಿ ವ್ಯಾಪಾರ ಮಾಡ್ತಿದ್ದೀನಿ, ಸಕ್ಕರೆ ಮೂಟೆ ನೋಡಿ ಬೆಳೆದವನು. ಎಫ್‌ಆರ್‌ಪಿ ವಿಷಯ ಬಿಡಿ. ಆ ಕೇಸಿನಲ್ಲಿ ಇನ್ನೊಂದು ಅರ್ಧ ಇದೆ, ಅದನ್ನು ಯಾಕೆ ಯಾರೂ ಹೇಳ್ತಿಲ್ಲ?

2019-20ರಲ್ಲಿ 60 ಲಕ್ಷ ಟನ್ ಸಕ್ಕರೆ ರಫ್ತು ಮಾಡಲಿ ಅಂತ ಕೇಂದ್ರ ಸರ್ಕಾರ ಟನ್ನಿಗೆ 10,448 ರೂಪಾಯಿ ಕೊಟ್ಟಿತು. ಮರುವರ್ಷ ಟನ್ನಿಗೆ 6,000. ಇದು ಖಜಾನೆಯಿಂದ ಹೋದ ನಗದು. ಗೋದಾಮು ತುಂಬಿ ತುಳುಕ್ತಿತ್ತು, ಹೊರಗೆ ತಳ್ಳಿದರು. ಅಷ್ಟು ಸಕ್ಕರೆ ಹೊರಗಡೆ ಸುರಿದರೆ ಅಲ್ಲಿ ಬೆಲೆ ಬೀಳಲ್ವಾ? ಗ್ವಾಟೆಮಾಲಾ ಏನು ಶ್ರೀಮಂತ ದೇಶಾನಾ? ಅಲ್ಲೂ ಕಬ್ಬು ಕಡಿಯೋರು ಇದ್ದಾರೆ. ಅಮೆರಿಕದ ಹತ್ತಿ ಸಬ್ಸಿಡಿಯಿಂದ ನಾವು ಸಾಯ್ತಿದ್ದೀವಿ ಅಂತ 2003ರಲ್ಲಿ ಬೆನಿನ್, ಬುರ್ಕಿನಾ ಫಾಸೊ, ಚಾಡ್, ಮಾಲಿ ಅತ್ತಾಗ ನಾವು ಅವರ ಪರ. ನಾವು ಸಕ್ಕರೆ ತಳ್ಳಿದಾಗ ಮಾತ್ರ ಬಡ ರೈತರ ಹೆಸರು ಮುಂದೆ.

ರಾಗಿಮುದ್ದೆ
ಬಂದ್ರಪ್ಪಾ ಬ್ರೆಜಿಲ್ ವಕೀಲರು

ಸಯ್ಯಾಜಿರಾವ್ ರಸ್ತೆ
ಮುದ್ದೆ ನುಂಗೋ ಹಾಗೆ ಅಗಿಯದೇ ನುಂಗಬೇಡಿ ಸ್ವಾಮಿ. ಅಂಕಿ ತಪ್ಪಿದ್ದರೆ ಹೇಳಿ.

ನಾಲೆ ಏರಿ
ಅಣ್ಣ, ಅಂಕಿ ಸರಿ ಇರಬಹುದು. ಆ 10,448ರಲ್ಲಿ ನಮ್ಮಪ್ಪನಿಗೆ ನೇರವಾಗಿ ಬಂದದ್ದೆಷ್ಟು?

ಸಯ್ಯಾಜಿರಾವ್ ರಸ್ತೆ
ರೈತರ ಬಾಕಿ ತೀರಿಸಲಿ ಅಂತಲೇ ಕೊಟ್ಟದ್ದು. ತೀರಿಸಿದರೋ ಇಲ್ಲವೋ ಅದನ್ನು ನಿಮ್ಮ ಚೀಟಿ ಹೇಳಬೇಕು, ನಾನಲ್ಲ.

ಆಲೆಮನೆ (ಮದ್ದೂರು)
ನೀವೆಲ್ಲ ಎಫ್‌ಆರ್‌ಪಿ ಎಫ್‌ಆರ್‌ಪಿ ಅಂತೀರಿ. ಅದನ್ನು ಪೂರ್ತಿ ಕೊಡೋರು ಯಾರು ಅಂತ ಕೇಳಿ. 2025-26ಕ್ಕೆ ಕ್ವಿಂಟಲ್‌ಗೆ 355 ಅಂತ ಪೇಪರಲ್ಲಿ ದಪ್ಪಕ್ಷರದಲ್ಲಿ ಬಂತು. ಅದು ಶೇ 10.25 ಇಳುವರಿಗೆ, ಅಂದ್ರೆ ನೂರು ಕೆಜಿ ಕಬ್ಬಿಗೆ 10.25 ಕೆಜಿ ಸಕ್ಕರೆ ಬಂದರೆ. ನಮ್ಮ ಕಡೆ ಕಬ್ಬಿಗೆ ಅಷ್ಟು ಇಳುವರಿ ಎಲ್ಲಿ ಬರುತ್ತೆ? ಶೇ 9.5 ಅಥವಾ ಅದಕ್ಕಿಂತ ಕಡಿಮೆ ಆದ್ರೆ 329 ರೂಪಾಯಿ 5 ಪೈಸೆ. ಅದೂ ಕಾರ್ಖಾನೆ ಬಾಗಿಲಿಗೆ ತಂದು ಹಾಕಿದ ಮೇಲಿನ ಬೆಲೆ. ಕಟಾವಿನ ಕೂಲಿ, ಲಾರಿ ಬಾಡಿಗೆ ಅದರಲ್ಲೇ ಹೋಗಬೇಕು.

14 ದಿನದಲ್ಲಿ ದುಡ್ಡು ಕೊಡಬೇಕು, ತಪ್ಪಿದರೆ ಶೇ 15 ಬಡ್ಡಿ ಅಂತ 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ. ಬಡ್ಡಿ ಇಸ್ಕೊಂಡ ರೈತನನ್ನು ನಾನಂತೂ ಕಣ್ಣಲ್ಲಿ ನೋಡಿಲ್ಲ.

ಆಲೆಮನೆಗೆ ಬನ್ನಿ. ಬೆಲೆ ನಿಗದಿ ಇಲ್ಲ, ಜಿನೀವಾ ಇಲ್ಲ. ಕೊಪ್ಪರಿಗೆ ಇಳಿಸಿ ಅಚ್ಚಿಗೆ ಹೊಯ್ದು ಮಂಡ್ಯ ಮಾರ್ಕೆಟ್ಟಿಗೆ ಹೋದರೆ ದುಡ್ಡು ಕೈಗೆ. ಬೆಲೆ ಬಿದ್ದರೆ ಮಾತ್ರ ಕೊಪ್ಪರಿಗೆಗೆ ನಾವೇ ಬೀಳಬೇಕು, ಅದು ಬೇರೆ ಮಾತು.

ಕುವೆಂಪುನಗರ ಕಾಫಿ
ನೀವೆಲ್ಲ ಬೈಯ್ತಿರೋ ಡಬ್ಲ್ಯುಟಿಒ ಜೊತೆ ಶಾಂತಿ ಷರತ್ತು ಅಂತ ಒಂದಿದೆಯಲ್ಲ? 2013ರಲ್ಲಿ ಬಾಲಿಯ ಡಬ್ಲ್ಯುಟಿಒ ಸಭೆಯಲ್ಲಿ ಗಲಾಟೆ ಮಾಡಿ ತಂದಿದ್ದು. ಅದಿದ್ದರೆ ಕೇಸ್ ಹಾಕೋ ಹಾಗೇ ಇಲ್ಲ. ಕಬ್ಬಿಗೆ ಹೇಗೆ ಹಾಕಿದರು?

ಕರಿಕೋಟು (ಮೈಸೂರು)
ಶಾಂತಿ ಷರತ್ತು ಆಹಾರ ಭದ್ರತೆಗೆ ಸರ್ಕಾರ ಕೊಂಡು ದಾಸ್ತಾನು ಮಾಡುವ ಸಾಂಪ್ರದಾಯಿಕ ಆಹಾರ ಬೆಳೆಗೆ ಮಾತ್ರ. ಅಕ್ಕಿ, ಗೋಧಿ ಥರದ್ದು. ಅದೂ 2013ರ ಡಿಸೆಂಬರ್ 7ಕ್ಕೆ ಮುಂಚೆ ಇದ್ದ ಯೋಜನೆಗಳಿಗೆ. ಕಬ್ಬನ್ನು ಸರ್ಕಾರ ಕೊಳ್ಳಲ್ಲ, ರೇಷನ್ನಿಗೆ ಕೂಡಿಡಲ್ಲ. ಹಾಗಾಗಿ ಆ ಛತ್ರಿ ಕೆಳಗೆ ಕಬ್ಬು ಬರಲ್ಲ.

ವಿಚಿತ್ರ ನೋಡಿ. ಸರ್ಕಾರ ಕೊಳ್ಳಲ್ಲ ಅನ್ನೋ ಮಾತು ಸಬ್ಸಿಡಿ ಲೆಕ್ಕದಲ್ಲಿ ನಮಗೆ ಉಪಯೋಗಕ್ಕೆ ಬರಲಿಲ್ಲ. ಇಲ್ಲಿ ಅದೇ ಮಾತು ನಮಗೆ ಉಲ್ಟಾ ಹೊಡೀತು.

ಅಕ್ಕಿಯಲ್ಲಿ ಮಾತ್ರ ಈ ಷರತ್ತು ಕೆಲಸ ಮಾಡಿದೆ. 2018-19ರಲ್ಲಿ ಅಕ್ಕಿಗೆ ಶೇ 10ರ ಮಿತಿ ದಾಟಿದ್ದೀವಿ ಅಂತ ಭಾರತವೇ 2020ರಲ್ಲಿ ಬರೆದುಕೊಟ್ಟು ಶಾಂತಿ ಷರತ್ತು ಹಿಡೀತು. ಹಾಗೆ ಹಿಡಿದ ಮೊದಲ ದೇಶ ನಮ್ಮದು. ಶಾಶ್ವತ ಪರಿಹಾರ ಕೊಡ್ತೀವಿ ಅಂತ ಬಾಲಿಯಲ್ಲಿ ಹೇಳಿದ್ದು 2017ರೊಳಗೆ. 2024ರ ಅಬುಧಾಬಿ ಸಭೆಯಲ್ಲೂ ಕೃಷಿ ವಿಷಯದಲ್ಲಿ ಒಂದು ಸಾಲೂ ಒಪ್ಪಿಗೆ ಆಗಲಿಲ್ಲ.

ಕುವೆಂಪುನಗರ ಕಾಫಿ
ಓ ಸರಿ ಸರಿ. ನನ್ನದೇ ತಪ್ಪು.

ಹಸಿರು ಟವಲ್ಲು
ಈ ಹುಡುಗರು ಈಗ ಕೇಳ್ತಿರೋದನ್ನು ನಾವು ಮೂವತ್ತು ವರ್ಷದ ಹಿಂದೆ ರಸ್ತೆಯಲ್ಲಿ ಕೂಗಿದ್ವಿ. ಆಗ ಡಬ್ಲ್ಯುಟಿಒ ಅಂತಿರಲಿಲ್ಲ, ಅದಕ್ಕೂ ಮುಂಚಿನ ವ್ಯಾಪಾರ ಒಪ್ಪಂದ ಗ್ಯಾಟ್ ಇತ್ತು. ಅರ್ಥರ್ ಡಂಕೆಲ್ ಅನ್ನೋರು ಅದರ ಮುಖ್ಯಸ್ಥರು. 1991ರ ಡಿಸೆಂಬರ್‌ನಲ್ಲಿ ಹೊಸ ವ್ಯಾಪಾರ ಒಪ್ಪಂದಕ್ಕೆ ಅವರ ಕರಡು ಬಂತು. ನಮ್ಮ ರೈತ ಸಂಘದ ಪ್ರೊಫೆಸರ್ ನಂಜುಂಡಸ್ವಾಮಿಯವರು ಕಾನೂನು ಓದಿದೋರು, ಆ ಕರಡನ್ನು ಹಳ್ಳಿ ಹಳ್ಳಿಗೆ ತಂದು ಬಿಡಿಸಿ ಹೇಳಿದರು. ಅರಳಿಕಟ್ಟೆ ಮೇಲೆ ಕೂತು ಪೇಟೆಂಟ್ ಅಂದ್ರೇನು ಅಂತ ಕೇಳಿದ್ದು ನನಗಿನ್ನೂ ನೆನಪಿದೆ. 1993ರ ಅಕ್ಟೋಬರ್ 2ಕ್ಕೆ ಬೀಜ ಸತ್ಯಾಗ್ರಹ ಅಂತ ಬೆಂಗಳೂರಿಗೆ ಹೋದ್ವಿ. ರೈಲಿನಲ್ಲಿ ಕಾಲಿಡೋಕೆ ಜಾಗ ಇಲ್ಲ. ಬುತ್ತಿ ಕಟ್ಟಿಕೊಂಡು ಹೋಗಿದ್ದ ರೊಟ್ಟಿ ಹುಚ್ಚೆಳ್ಳು ಚಟ್ನಿ ಪಕ್ಕದೋನ ಶಾಲಿಗೆಲ್ಲ ಮೆತ್ತಿತ್ತು.

ಆಗ ನಮ್ಮೂರಲ್ಲಿ ಒಂದು ಎಮ್ಮೆ. ಮೇವು ಪೂರ್ತಿ ಅದಕ್ಕೇ ಬೇಕು, ಹಾಲು ಕರೆಯೋಕೆ ಹೋದರೆ ಒದೆಯೋದು. ಅದಕ್ಕೆ ಡಂಕೆಲ್ ಅಂತಲೇ ಹೆಸರಾಗಿಹೋಯ್ತು. ಜಾತ್ರೆಯಲ್ಲಿ ಮಾರುವಾಗ ತಗೊಂಡೋನಿಗೂ ಅದೇ ಹೆಸರು ಹೇಳಿ ಕೊಟ್ಟರು.

ಅಗ್ರಹಾರ ಸರ್ಕಲ್
ಡಂಕೆಲ್ ಎಮ್ಮೆ 🙏🙏 ಸಾರ್ ನೀವು ದಿನಾ ಬರೀರಿ

ಕಡತ ಪುರಾಣ
ಹಸಿರು ಟವಲ್ಲು ಅವರಿಗೆ ಗೌರವ ಇಟ್ಟುಕೊಂಡೇ ಒಂದು ಮಾತು. ರಕ್ಷಣೆ ಬೇಡ ಅನ್ನೋರೂ, ರಕ್ಷಣೆ ಹೊಸದಾಗಿ ಸಿಕ್ಕಿದೆ ಅನ್ನೋರೂ ಮಂಡ್ಯದ ಹುಟ್ಟನ್ನೇ ಮರೀತಾರೆ.

ಮೊದಲು ಜಾವಾ ಸಕ್ಕರೆ ಹಡಗಿನಲ್ಲಿ ಬಂದು ಇಲ್ಲಿ ಅಗ್ಗಕ್ಕೆ ಸಿಗ್ತಿತ್ತು. 1932ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಸಕ್ಕರೆ ಉದ್ಯಮ ರಕ್ಷಣಾ ಕಾಯ್ದೆ ಬಂತು, ಆಮದು ಸುಂಕ ಏರಿತು. ಕಾರ್ಖಾನೆಗಳು ನಾಯಿಕೊಡೆ ಥರ ಎದ್ದವು. ಅದೇ ಹೊತ್ತಿಗೆ ಕೆಆರ್‌ಎಸ್ ನಾಲೆ ನೀರು ಮಂಡ್ಯ ಬಯಲಿಗೆ ಬಂತು. ಆಗ ಅದು ಇರ್ವಿನ್ ನಾಲೆ, ಈಗಿನ ವಿಶ್ವೇಶ್ವರಯ್ಯ ನಾಲೆ. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾಯಿತು. ಅದರ ಹಿಂದೆ ಓಡಾಡಿದ ಲೆಸ್ಲಿ ಕೋಲ್ಮನ್ ಕೆನಡಾದವರು, ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರು. ಸುಂಕದ ಗೋಡೆ ಇಲ್ಲದಿದ್ದರೆ ಜಾವಾ ಸಕ್ಕರೆ ಎದುರು ಮಂಡ್ಯ ಸಕ್ಕರೆ ನಿಲ್ಲೋದು ಕಷ್ಟವಿತ್ತು. ನಮ್ಮ "ಸಕ್ಕರೆ ನಾಡು" ಅನ್ನೋ ಹೆಸರಿನಲ್ಲಿ ಅರ್ಧ ಪಾಲು ನಾಲೆಯದು, ಅರ್ಧ ಸುಂಕದ್ದು.

ಹಾಗೆ ಸುಂಕ ಏರಿಸಿ ಹೊಸ ಉದ್ಯಮ ಬೆಳೆಸೋ ದಾರಿ ಇವತ್ತಿನ ಬಡ ದೇಶಗಳಿಗೆ ಎಷ್ಟು ಉಳಿದಿದೆ? ಡಬ್ಲ್ಯುಟಿಒದಲ್ಲಿ ಮಾತುಕತೆ ಆಗಬೇಕಾದ್ದು ಇದರ ಮೇಲೆ.

ಸಯ್ಯಾಜಿರಾವ್ ರಸ್ತೆ
ಒಪ್ಪಿದೆ. ಆದರೆ 1932ರ ಕೂಸು ಇನ್ನೂ ತೊಟ್ಟಿಲಲ್ಲೇ ಇದೆಯಲ್ಲ ಸಾರ್?

ಗೂಡಿನ ಮಾರ್ಕೆಟ್
ನಾನು ರೇಷ್ಮೆ ಕಡೆಯೋನು. ಟಿ. ನರಸೀಪುರ ಹತ್ತಿರ ಊರು. ಎಲ್ಲಾ ತಪ್ಪನ್ನೂ ಜಿನೀವಾ ತಲೆಗೆ ಕಟ್ಟೋದು ನನಗೆ ಸರಿ ಕಾಣಲ್ಲ. 2011ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದರು. ನೇಕಾರರಿಗೆ ಅನುಕೂಲ ಆಗಲಿ ಅಂತ. ಇದನ್ನು ಮಾಡಿ ಅಂತ ಯಾವ ಡಬ್ಲ್ಯುಟಿಒ ತೀರ್ಪೂ ಹೇಳಿರಲಿಲ್ಲ. ದಿಲ್ಲಿಯವರೇ ಕೂತು ಇಳಿಸಿದ್ದು. ಗೂಡಿನ ಬೆಲೆ ಬಿತ್ತು. ನಮ್ಮ ತಂದೆ ರಾಮನಗರದಿಂದ ವಾಪಸ್ ಬಂದು ಬುಟ್ಟಿ ಮೂಲೆಗೆ ಎಸೆದು ಎರಡು ದಿನ ಮಾತಾಡಿರಲಿಲ್ಲ. 2013ರಲ್ಲಿ ಮತ್ತೆ ಶೇ 15ಕ್ಕೆ ಏರಿಸಿದರು, ಅಷ್ಟರಲ್ಲಿ ನಾವು ಅರ್ಧ ಹಿಪ್ಪುನೇರಳೆ ಕಿತ್ತು ಬಾಳೆ ಹಾಕಿದ್ವಿ.

ರಾಗಿಮುದ್ದೆ
ಇದು ಸರಿಯಾದ ಮಾತು ಅಣ್ಣ. ಇದಕ್ಕೆ ಎದುರು ಹೇಳೋಕೆ ನನ್ನ ಹತ್ರ ಏನೂ ಇಲ್ಲ.

ಡೇರಿ ಕ್ಯಾನು (ನಾಗಮಂಗಲ)
ಹಾಲಿನ ಕಥೆ ಉಲ್ಟಾ. 2019ರ ನವೆಂಬರ್ 4ಕ್ಕೆ ಬ್ಯಾಂಕಾಕ್‌ನಲ್ಲಿ ಆರ್‌ಸಿಇಪಿಯಿಂದ (ಏಷ್ಯಾ-ಪೆಸಿಫಿಕ್ ದೇಶಗಳ ಮುಕ್ತ ವ್ಯಾಪಾರ ಒಪ್ಪಂದ) ಭಾರತ ಎದ್ದು ಬಂತು. ನ್ಯೂಜಿಲೆಂಡ್ ಹಾಲಿನ ಪುಡಿ ಬಂದು ಸುರಿಯುತ್ತೆ ಅನ್ನೋ ಭಯ ನಮಗೆಲ್ಲ ಇತ್ತು. ಎರಡು ಹಸು ಕಟ್ಟಿಕೊಂಡು ಬೆಳಿಗ್ಗೆ ಸಂಜೆ ಡೇರಿ ಮುಂದೆ ಕ್ಯೂ ನಿಲ್ಲೋ ನಮ್ಮಮ್ಮನಂಥೋರಿಗೆ ಅದು ಉಳಿಗಾಲ.

ಕರಿಕೋಟು (ಮೈಸೂರು)
ಅದು ಡಬ್ಲ್ಯುಟಿಒ ಅಲ್ಲ, ಪ್ರಾದೇಶಿಕ ಒಪ್ಪಂದ. ಬೇರೆ ಬೇರೆ. ಆದರೆ ನಿಮ್ಮ ಭಯದ ಜೊತೆ ಸೇರೋ ಒಂದು ಡಬ್ಲ್ಯುಟಿಒ ಕಥೆ ಇದೆ. 2008ರ ಜುಲೈನಲ್ಲಿ ಜಿನೀವಾದಲ್ಲಿ ದೋಹಾ ಸುತ್ತು ಅನ್ನೋ ವ್ಯಾಪಾರ ಮಾತುಕತೆ ಮುರಿದು ಬಿತ್ತಲ್ಲ, ಅದು ಇಂಥದ್ದಕ್ಕೇ. ಆಮದು ದಿಢೀರ್ ಜಾಸ್ತಿ ಆದರೆ ಬಡ ದೇಶ ಸುಂಕ ಏರಿಸಬಹುದು ಅನ್ನೋದು ಪ್ರಸ್ತಾವ. ಎಷ್ಟು ಜಾಸ್ತಿ ಆದರೆ? ಶೇ 40 ಅಂತ ಮುಂದಿಟ್ಟ ಕರಡು. ಅಷ್ಟು ಬರೋ ಹೊತ್ತಿಗೆ ರೈತ ಮುಳುಗಿರ್ತಾನೆ, ಇನ್ನೂ ಕಡಿಮೆ ಇರಲಿ ಅಂತ ಭಾರತ. ಆಗ ಕಮಲ್ ನಾಥ್ ವಾಣಿಜ್ಯ ಮಂತ್ರಿ. ಅಮೆರಿಕ ಒಪ್ಪಲಿಲ್ಲ. ಸುತ್ತು ಶುರುವಾಗಿದ್ದು 2001ರಲ್ಲಿ. ಇವತ್ತಿಗೂ ಮುಗಿದಿಲ್ಲ.

ಚಾಮುಂಡಿ ಮೆಟ್ಟಿಲು
ವಿಷಯ ಬಿಟ್ಟು ಒಂದು ಪ್ರಶ್ನೆ. ಮೈಸೂರು ಮಲ್ಲಿಗೆ, ನಂಜನಗೂಡು ರಸಬಾಳೆಗೆ ಜಿಐ (ಊರಿನ ಹೆಸರಿಗೆ ಸಿಗೋ ಭೌಗೋಳಿಕ ಗುರುತು) ಇದೆಯಲ್ಲ, ಅದೂ ಇದೇ ಡಬ್ಲ್ಯುಟಿಒದ್ದಾ?

ಕರಿಕೋಟು (ಮೈಸೂರು)
ಕಾಯ್ದೆ ನಮ್ಮದೇ, 1999ರದ್ದು, 2003ರಲ್ಲಿ ಜಾರಿ. ಬಂದದ್ದು ಡಬ್ಲ್ಯುಟಿಒದ ಟ್ರಿಪ್ಸ್ ಒಪ್ಪಂದದಿಂದ, ಪೇಟೆಂಟ್, ಟ್ರೇಡ್‌ಮಾರ್ಕ್ ಥರದ ಹಕ್ಕುಗಳದ್ದು. ಅದರಲ್ಲೂ ಪಂಕ್ತಿಭೇದ ಇದೆ. ವೈನು ಮತ್ತು ಮದ್ಯಕ್ಕೆ 23ನೇ ವಿಧಿಯಲ್ಲಿ ವಿಶೇಷ ರಕ್ಷಣೆ. "ಶಾಂಪೇನ್ ಥರ" ಅಂತ ಬಾಟಲಿ ಮೇಲೆ ಬರೆದರೂ ತಪ್ಪು. ಮೈಸೂರು ರೇಷ್ಮೆ, ರಸಬಾಳೆ, ಬಾಸ್ಮತಿಗೆಲ್ಲ 22ನೇ ವಿಧಿ. ಜನ ಮೋಸ ಹೋದರು ಅಂತ ನೀವು ತೋರಿಸಬೇಕು. ಈ ರಕ್ಷಣೆ ಎಲ್ಲಕ್ಕೂ ಕೊಡಿ ಅಂತ ಭಾರತ ಕೇಳ್ತಿದೆ.

ಅಗ್ರಹಾರ ಸರ್ಕಲ್
ಕುಡಿಯೋರಿಗೆ ಮೇಲಿನ ಪಂಕ್ತಿ, ಬಾಳೆಹಣ್ಣು ತಿನ್ನೋರಿಗೆ ಕೆಳಗಿನ ಪಂಕ್ತಿ. ಬರೆದುಕೊಂಡೆ.

ಬೆಂಗಾಡು
ಯಾರೂ ಕೇಳದ ಮಾತು ನಾನು ಕೇಳ್ತೀನಿ. ನಾಲೆ ಕೊನೆ ಭಾಗದವರು ನಾವು. ಮೇಲಿನವರು ಕಬ್ಬು ಹಾಕಿ ಕಡಿದ ಬುಡದಿಂದಲೇ ಮತ್ತೆ ಬೆಳೆಸಿ ಕೂಳೆ ಮೇಲೆ ಕೂಳೆ ಬಿಟ್ಟು ನೀರು ಎಳ್ಕೊಳ್ತಾರೆ. ನಮ್ಮ ಗದ್ದೆಗೆ ನೀರು ಬರೋದು ಪೇಪರಲ್ಲಿ. ಬೆಲೆ ಗ್ಯಾರಂಟಿ ಇರೋದು ಕಬ್ಬಿಗೆ ಅಂತಲೇ ತಾನೆ ಎಲ್ಲರೂ ಕಬ್ಬು ಹಾಕೋದು?

ನಾಲೆ ಏರಿ
ಅಣ್ಣ, ಬೇಜಾರಾಗಬೇಡಿ, ನಾವೇ ಆ ಮೇಲಿನವರು. ರಾಗಿ ಹಾಕಿ ಅಂದ್ರೆ ಅಪ್ಪ ಹಾಕ್ತಾರೆ. ತಗೊಳ್ಳೋರು ಯಾರು ಅಂತ ಹೇಳಿ ಅಷ್ಟೇ.

ಬೆಂಗಾಡು
ಬೇಜಾರೇನಿಲ್ಲ ಬಿಡಪ್ಪ. ತೂಬಿನ ಹತ್ತಿರ ಸಿಕ್ಕಾಗ ಮಾತಾಡೋಣ 🙂

ಕುವೆಂಪುನಗರ ಕಾಫಿ
ಭಾರತ ಸೋತಿದೆ ಅಂತೀರಿ, ಮತ್ತೆ ಎಫ್‌ಆರ್‌ಪಿ ವರ್ಷ ವರ್ಷ ಏರ್ತಾನೇ ಇದೆ. ಹೇಗೆ?

ಇಡ್ಲಿ ಲೆಕ್ಕ
2022ರ ಜನವರಿಯಲ್ಲಿ ಭಾರತ ಅಪೀಲು ಹಾಕಿತು. ಅಪೀಲು ಕೇಳೋ ಪೀಠದಲ್ಲಿ ಏಳು ಜನ ಇರಬೇಕು, ಒಂದು ಕೇಸಿಗೆ ಕನಿಷ್ಠ ಮೂವರು. ಹೊಸಬರ ನೇಮಕವನ್ನು ಅಮೆರಿಕ ತಡೀತಾ ಬಂತು. 2019ರ ಡಿಸೆಂಬರ್‌ಗೆ ಒಬ್ಬರು ಉಳಿದರು, 2020ರ ನವೆಂಬರ್‌ಗೆ ಅವರೂ ಹೋದರು. ಜಡ್ಜೇ ಇಲ್ಲದ ಕೋರ್ಟಿಗೆ ಅಪೀಲು. ತೀರ್ಪು ಅಲ್ಲೇ ನೇತಾಡ್ತಿದೆ.

ಹಸಿರು ಟವಲ್ಲು
ನಮ್ಮೂರ ಜಮೀನು ವ್ಯಾಜ್ಯ ಇದ್ದ ಹಾಗೆ. ಅಜ್ಜ ಹಾಕಿದ್ದು, ಮೊಮ್ಮಗ ವಾಯಿದೆಗೆ ಹೋಗ್ತಾನೆ.

ಸಯ್ಯಾಜಿರಾವ್ ರಸ್ತೆ
ನಗೋಕೇನೋ ಚೆನ್ನಾಗಿದೆ. ಆದರೆ ನಾಳೆ ಯಾರಾದರೂ ನಮ್ಮ ಮೇಲೆ ಅನ್ಯಾಯವಾಗಿ ಸುಂಕ ಹಾಕಿದರೆ ನಾವೂ ಅದೇ ಖಾಲಿ ಕೋರ್ಟಿಗೆ ಹೋಗಬೇಕು. 2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಮಾಲಿನ ಮೇಲೆ ಶೇ 50 ಹಾಕಿದಾಗ ಜಿನೀವಾದ ಯಾವ ಕೋರ್ಟು ತಡೀತು? ಇದೇ ಬ್ರೆಜಿಲ್ ಹತ್ತಿ ಕೇಸಿನಲ್ಲಿ ಅಮೆರಿಕವನ್ನು ಸೋಲಿಸಿ, 2014ರಲ್ಲಿ 30 ಕೋಟಿ ಡಾಲರ್ ವಸೂಲಿ ಮಾಡಿ ರಾಜಿ ಆಗಿತ್ತು. ಪೀಠ ಇದ್ದಾಗ ಸಣ್ಣವರಿಗೂ ಹಾಗೆ ಆಗ್ತಿತ್ತು.

ರಾಗಿಮುದ್ದೆ
ಬ್ರೆಜಿಲ್ ವಕೀಲರೇ, ಈ ಸಲ ನಿಮಗೆ ನನ್ನ ಲೈಕ್ ಇದೆ. ತಗೊಳ್ಳಿ.

ನಾಲೆ ಏರಿ
ನಿನ್ನೆ ರಾತ್ರಿ ಅಪ್ಪನಿಗೆ ಫೋನ್ ಮಾಡಿ ಇಡ್ಲಿ ಕಥೆ, ದೋಸೆ ಕಥೆ ಎರಡೂ ಹೇಳಿದೆ. ದೋಸೆ ಕಥೆಗೆ ನಕ್ಕರು. ಜಡ್ಜ್ ಇಲ್ಲದ ಕೋರ್ಟು ಅಂದಿದ್ದಕ್ಕೆ "ಹಂಗಾದ್ರೆ ಚೀಟಿ ಬಿಸಾಕ್ಬೇಡ, ಜೋಪಾನ ಮಡ್ಗು, ಯಾವಾಗ್ ಕರೀತಾರೋ" ಅಂದರು. ಕಟ್ಟನ್ನು ಮತ್ತೆ ಗೂಡಿಗೆ ಸೇರಿಸಿದ್ದಾರಂತೆ. ಕರಿಕೋಟು ಮೇಡಂಗೆ ಥ್ಯಾಂಕ್ಸ್ ಹೇಳು ಅಂದ್ರು.

ಒಂದು ಸಹಾಯ. ಈ ಸಲ ಮುಕ್ಕಾಲು ಎಕರೆಗೆ ಹೊಸ ನಾಟಿ ಇದೆ. ವಿಸಿಎಫ್ 0517 ಕಬ್ಬಿನ ತಳಿಯ ಬಿತ್ತನೆ ತುಂಡು ಯಾರ ಹತ್ತಿರವಾದರೂ ಇದೆಯಾ?

ಆಲೆಮನೆ (ಮದ್ದೂರು)
ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ಮೊದಲು ಕೇಳಿ ನೋಡು ತಮ್ಮ. ಸಿಗದಿದ್ದರೆ ನಮ್ಮ ಹೊಲದಲ್ಲಿ ಎಂಟು ತಿಂಗಳ ಕಬ್ಬು ನಿಂತಿದೆ, ಬಂದು ಕಡ್ಕೊಂಡು ಹೋಗು. ಸೋಗೆ ನನಗೆ ಬಿಟ್ಟು ಹೋಗಬೇಕು, ಹಸುಗೆ ಬೇಕು.